ಗಟ್ಟಿ ಸಪೋಟ ಕೊಳ್ಳುವಾಗ ಉಗುರಿನಿಂದ ಒಮ್ಮೆ ಕೆರೆದು ನೋಡಿ

ರೈತರ ಸಂತೆಯಲ್ಲಿ ಗಟ್ಟಿ ಸಪೋಟ ಕೊಳ್ಳುವಾಗ, ಮಾರುವವರನ್ನು ಕೇಳಿ ಒಂದೇ ಒಂದರ ಸಿಪ್ಪೆಯನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ಒಳಗೆ ಹಳದಿ ಕಂಡರೆ ಬಲಿತಿದೆ, ಧೈರ್ಯವಾಗಿ ತಗೊಳ್ಳಿ. ಹಸಿರು ಕಂಡು ಹಾಲು ಒಸರಿದರೆ ಇನ್ನೂ ಎಳಸು, ಬಿಡಿ. ಕಾಯಿ ಬಲಿತಂತೆ ಸಿಪ್ಪೆಯ ಕೆಳಗಿನ ಹಸಿರು ಹೋಗುತ್ತದೆ, ಹಾಲೂ ಕಮ್ಮಿಯಾಗುತ್ತದೆ. ಎಳಸಾಗಿ ಕಿತ್ತದ್ದನ್ನು ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟರೂ ಅಷ್ಟೇ, ಸರಿಯಾಗಿ ಹಣ್ಣಾಗದೆ ಒಗರು ಉಳಿದುಬಿಡುತ್ತದೆ. ಆಗಲೇ ಮೆತ್ತಗಾದ ಹಣ್ಣಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅದನ್ನು ತೊಟ್ಟಿನ ಹತ್ತಿರ ಮೂಸಿ, ಹುಳಿ ವಾಸನೆ ಬಂದರೆ ಬೇಡ. ದಯವಿಟ್ಟು ರಾಶಿಯಲ್ಲಿರುವುದನ್ನೆಲ್ಲ ಕೆರೆಯಬೇಡಿ. ಗಾಯವಾದದ್ದು ಬೇಗ ಕೊಳೆಯುತ್ತದೆ, ಪಾಪ ಬೆಳೆದವರಿಗೆ ನಷ್ಟ ಅಲ್ವಾ? ಕೆರೆದದ್ದನ್ನು ನೀವೇ ತೂಕಕ್ಕೆ ಹಾಕಿಸಿಕೊಳ್ಳಿ.