ಹಳೆಯ ದೂರದರ್ಶಕದ ಕನ್ನಡಿಗಳನ್ನು ಹೊಂದಿಸಿದ ಬಗೆ

ಬೇರೊಬ್ಬರು ಬಳಸಿದ್ದ 130 ಮಿಲಿಮೀಟರ್ ಅಗಲದ ಕನ್ನಡಿಯ ನ್ಯೂಟನ್ ಮಾದರಿಯ (ತಳದಲ್ಲಿ ಒಂದು ದೊಡ್ಡ ಕನ್ನಡಿ, ಬಾಯಿಯ ಬಳಿ ಒಂದು ಚಿಕ್ಕ ಕನ್ನಡಿ ಇರುವ) ದೂರದರ್ಶಕವನ್ನು ಕೊಂಡು ತಂದು, ಚಿಕ್ಕಬಳ್ಳಾಪುರದ ನಮ್ಮ ಮನೆಯ ತಾರಸಿಯಲ್ಲಿಟ್ಟು ನೋಡಿದಾಗ, ಪ್ರತಿ ನಕ್ಷತ್ರವೂ ಒಂದೇ ಕಡೆಗೆ ಬಾಲ ಚಾಚಿದಂತೆ ಕಾಣುತ್ತಿತ್ತು. ಕನ್ನಡಿಗಳು ಒಂದಕ್ಕೊಂದು ಹೊಂದದೆ ವಾಲಿದ್ದುದೇ ಇದಕ್ಕೆ ಕಾರಣ; ಕನ್ನಡಿಯ ಮೇಲಿನ ತೆಳು ಧೂಳಲ್ಲ. ಆ ಧೂಳನ್ನು ಒರೆಸಲು ಹೋಗದಿರುವುದೇ ಲೇಸು.

ಹಗಲಿನಲ್ಲಿ ಕೊಳವೆಯನ್ನು ಅಡ್ಡಲಾಗಿ ಮಲಗಿಸಿದೆ; ಹೀಗಿದ್ದರೆ ತಿರುಪು ತಿರುಗಿಸುವ ಅಲೆನ್ ಕೀ ಕೈಜಾರಿದರೂ ಕನ್ನಡಿಯ ಮೇಲೆ ಬೀಳುವುದಿಲ್ಲ. ಐಪೀಸ್ (ಕಣ್ಣಿಟ್ಟು ನೋಡುವ ಮಸೂರ) ಕೂರುವ ಜಾಗದ ಮುಚ್ಚಳದ ನಟ್ಟನಡುವೆ ಸಣ್ಣ ರಂಧ್ರ ಕೊರೆದು, ಮುಚ್ಚಳದ ಒಳಮೈಗೆ ರಂಧ್ರ ಮುಚ್ಚದಂತೆ ಹೊಳೆಯುವ ಹಾಳೆ ಅಂಟಿಸಿ, ಆ ರಂಧ್ರದ ಮೂಲಕ ನೋಡುತ್ತ ಮೊದಲು ಚಿಕ್ಕ ಕನ್ನಡಿಯ ಮೂರು ತಿರುಪುಗಳನ್ನು ತಿರುಗಿಸಿ, ದೊಡ್ಡ ಕನ್ನಡಿಯನ್ನು ಹಿಡಿದಿರುವ ಮೂರೂ ಕ್ಲಿಪ್ಪುಗಳು ಸಮನಾಗಿ ಕಾಣುವಂತೆ ಮಾಡಿದೆ. ಆಮೇಲೆ ಹಿಂಬದಿಯ ಬಿಗಿ ತಿರುಪುಗಳನ್ನು ಸಡಿಲಿಸಿ, ದೊಡ್ಡ ಕನ್ನಡಿಯ ನಡುವಿನ ಗುರುತು ರಂಧ್ರದ ಕಪ್ಪು ಪ್ರತಿಬಿಂಬದ ಮೇಲೆ ಬಂದು ಕೂರುವವರೆಗೆ ಹೊಂದಿಕೆ ತಿರುಪುಗಳನ್ನು ತುಸುತುಸುವೇ ತಿರುಗಿಸಿದೆ.

ಕೊನೆಯ ಪರೀಕ್ಷೆಗೆ, ಜಾಗ ಕದಲದ ಧ್ರುವ ನಕ್ಷತ್ರವನ್ನು ಹಲವರು ಸೂಚಿಸುತ್ತಾರೆ. ನಮ್ಮಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿಯಷ್ಟೇ ಮೇಲಿದ್ದು, ಗಾಳಿಯ ಅಲುಗಾಟದಲ್ಲಿ ಕುದಿಯುವಂತೆ ಕಾಣುವುದರಿಂದ, ನೆತ್ತಿಯ ಸಮೀಪ ಹಾಯುವ ಸ್ವಾತಿಯನ್ನೇ ಆರಿಸಿಕೊಂಡೆ. ಫೋಕಸ್ ಸ್ವಲ್ಪ ಕೆಡಿಸಿದಾಗ ನಕ್ಷತ್ರದ ಬೆಳಕಿನ ಉಂಗುರಗಳು ಒಂದೇ ಕೇಂದ್ರದ ಸುತ್ತ ತೋರಿದವು; ಅಂದರೆ ಕನ್ನಡಿಗಳು ಸರಿಯಾಗಿ ಹೊಂದಿದ್ದವು. ಬಿಗಿ ತಿರುಪುಗಳನ್ನು ಮೂರೂ ಸರದಿಯಂತೆ, ಹಗುರವಾಗಿಯೇ ಬಿಗಿಯಬೇಕು. ಒಂದನ್ನೇ ಜೋರಾಗಿ ತಿರುಗಿಸಿದರೆ ಕನ್ನಡಿ ಮತ್ತೆ ವಾಲುತ್ತದೆ.