ಉದ್ರಿ ಪುಸ್ತಕದ ಹಿಂದಿನ ಹಾಳೆಗಳು

ಹಳೇ ಹುಬ್ಬಳ್ಳಿಯಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಮಗನಿಗೆ 22 ತಿಂಗಳು ತುಂಬಿದರೂ ‘ಅವ್ವಾ’ ಎಂಬ ಮಾತು ಬಂದಿರಲಿಲ್ಲ. ಮನೆಯಲ್ಲಿ ಎಲ್ಲರ ಬಳಿಯೂ ಒಂದೊಂದು ಸಮಾಧಾನವಿತ್ತು. ಗಂಡುಮಕ್ಕಳಿಗೆ ಮಾತು ತಡ ಎಂದರು ಅತ್ತೆ. ನಾನೇ ಮೂರು ವರ್ಷಕ್ಕೆ ಬಾಯಿ ಬಿಟ್ಟವನು ಎಂದಳು ನಮ್ಮವ್ವ. ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು, ಸಿದ್ಧಾರೂಢರ ಮಠಕ್ಕೆ ಹರಕೆಯನ್ನೂ ಹೊತ್ತಳು. ಮೊದಲು ತೋರಿಸಿದ ವೈದ್ಯರು ‘ಮೂರು ತುಂಬಲಿ, ನೋಡೋಣ’ ಎಂದು ಎರಡೇ ನಿಮಿಷದಲ್ಲಿ ಕಳಿಸಿಬಿಟ್ಟರು. ಸಿಟ್ಟು ಬಂತು. ಆದರೆ ‘ಯಾಕೋ ಸರಿ ಇಲ್ಲ ಅನಿಸುತ್ತದೆ ಸರ್’ ಎಂದಷ್ಟೇ ಹೇಳಿದವನು ನಾನು. ಗಿರಾಕಿ ಬಂದು ‘ಏನೋ ಸಾಮಾನು ಬೇಕಿತ್ತು’ ಎಂದರೆ ನಾನು ತಾನೇ ಏನು ಕೊಡಲಿ?

ಆ ರಾತ್ರಿ ಉದ್ರಿ ಪುಸ್ತಕವನ್ನು ತಿರುವಿಹಾಕಿ ಹಿಂದಿನ ಹಾಳೆಯಿಂದ ಬರೆಯತೊಡಗಿದೆ. ಉದ್ರಿ ಬರೆಯುವಾಗ ಗಿರಾಕಿ ಒಳ್ಳೆಯವನೋ ಕೆಟ್ಟವನೋ ಎಂದು ಯಾರೂ ಬರೆಯುವುದಿಲ್ಲ. ತಾರೀಖು, ಸಾಮಾನು, ಎಷ್ಟು, ಅಷ್ಟೇ. ಮಗನದೂ ಹಾಗೆಯೇ ಇರಲಿ ಎಂದುಕೊಂಡೆ. ‘ಹಟಮಾರಿ’ ಎಂದು ಬರೆದದ್ದನ್ನು ಹೊಡೆದುಹಾಕಿ, ‘ಶಟರ್ ಏರಿಸಿದ ಸದ್ದಿಗೆ ಕಿವಿ ಮುಚ್ಚಿಕೊಂಡ, ಹತ್ತು ನಿಮಿಷ ಅತ್ತ’ ಎಂದು ಬರೆದೆ. ಹೆಸರು ಹಿಡಿದು ಕರೆದದ್ದು ಹತ್ತು ಸಲ, ತಿರುಗಿದ್ದು ಎರಡು ಸಲ. ಬಿಸ್ಕತ್ತಿನ ಪೊಟ್ಟಣದ ಸದ್ದಿಗೆ ಹಿತ್ತಲಿನಿಂದ ಓಡಿ ಬಂದ. ಹಳೆಯ ತಕ್ಕಡಿಯ ತಟ್ಟೆಯನ್ನು ಮುಕ್ಕಾಲು ತಾಸು ತಿರುಗಿಸುತ್ತ ಕುಳಿತ.

ಹದಿನೈದು ದಿನಗಳ ಲೆಕ್ಕ ಓದಿದಾಗ ಕಣ್ಣಿಗೆ ಬಿದ್ದದ್ದು ಬೇರೆಯೇ. ಅವನು ಯಾವುದನ್ನೂ ಬೆರಳು ಮಾಡಿ ತೋರಿಸಿರಲಿಲ್ಲ. ಏನಾದರೂ ಬೇಕಾದರೆ ನನ್ನ ಮಣಿಕಟ್ಟು ಹಿಡಿದು ಎಳೆದೊಯ್ದು, ನನ್ನ ಕೈಯನ್ನೇ ಡಬ್ಬಿಯ ಮೇಲೆ ಇಡುತ್ತಿದ್ದ. ಮುಖ ನೋಡುತ್ತಿರಲಿಲ್ಲ. ಅದನ್ನು ಜಾಣತನವೆಂದು ನಾವು ಬೀಗರ ಮುಂದೆ ಹೊಗಳಿಕೊಂಡಿದ್ದೆವು! ಹೆಂಡತಿ ಮೊಬೈಲಿನಲ್ಲಿ ಒಂದೊಂದು ನಿಮಿಷದ ಮೂರು ವಿಡಿಯೊ ಮಾಡಿಕೊಂಡಳು.

ಎರಡನೆಯ ಸಲ ಧಾರವಾಡಕ್ಕೆ ಹೋದೆವು. ಅಲ್ಲಿನ ತಜ್ಞೆ ಪುಸ್ತಕ ಓದಿದರು, ವಿಡಿಯೊ ನೋಡಿದರು, ಆಮೇಲೆ ಎಂ-ಚಾಟ್ ಎಂಬ ಇಪ್ಪತ್ತು ಪ್ರಶ್ನೆಗಳ ಪಟ್ಟಿ ಹಿಡಿದು ಕೇಳುತ್ತ ಹೋದರು. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂ, ಅಂದರೆ ಮಾತು ಮತ್ತು ಜನರೊಡನೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ, ಇರಬಹುದೇ ಎಂದು ನೋಡಲೆಂದೇ ಇರುವ ಪಟ್ಟಿ ಅದು. ಬೇಕಾದದ್ದನ್ನು ಕೇಳಲು ಬೆರಳು ತೋರುತ್ತಾನೆಯೇ ಎಂಬುದು ಒಂದು ಪ್ರಶ್ನೆ. ಆಕಾಶದಲ್ಲಿ ವಿಮಾನ ಕಂಡರೆ ನಿಮಗೂ ತೋರಿಸುತ್ತಾನೆಯೇ ಎಂಬುದು ಇನ್ನೊಂದು. ಎರಡಕ್ಕೂ ಇಲ್ಲ ಎಂದೆ. ಅಂಕ ಹೆಚ್ಚು ಬಂತು, ಅಂದರೆ ಅನುಮಾನವೂ ಹೆಚ್ಚು. ಇದರಿಂದಲೇ ಆಟಿಸಂ ಎಂದು ಹೇಳಲಾಗದು, ಇದು ಜರಡಿ ಮಾತ್ರ ಎಂದರು. ಜರಡಿಯನ್ನು ಅಂಗಡಿಯವನಿಗೆ ಬಿಡಿಸಿ ಹೇಳಬೇಕೆ?

ಮೊದಲು ಕಿವಿಯ ಪರೀಕ್ಷೆ ಆಗಲಿ ಎಂದಾಗ ಮಾತ್ರ ವಾದಿಸಿದೆ. ಬಿಸ್ಕತ್ತಿನ ಸದ್ದು ಕೇಳುತ್ತದಲ್ಲ? ಕೆಲವು ಸದ್ದು ಕೇಳಿ, ಮಾತು ಸರಿಯಾಗಿ ಕೇಳದ ಮಕ್ಕಳೂ ಇರುತ್ತಾರೆ ಎಂದರು. ಅವರು ಹೇಳಿದ್ದು ಬೆರಾ ಪರೀಕ್ಷೆ, ಸದ್ದಿಗೆ ಕಿವಿಯ ನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ತಂತಿ ಅಂಟಿಸಿ ಅಳೆಯುವುದು. ಅದಕ್ಕೆ ಮಗು ನಿದ್ದೆಯಲ್ಲಿರಬೇಕು. ಅಲ್ಲಿ ಹೋದಾಗ ನಿದ್ದೆ ಬರಲಿ ಎಂದು ಬೆಳಗಿನ ನಾಲ್ಕಕ್ಕೇ ಎಬ್ಬಿಸಿ, ಮಲಗಗೊಡದೆ ಹೊರಡಿಸಿದೆವು. ಚಿಗರಿ ಬಸ್ಸು ಉಣಕಲ್ ದಾಟುವಷ್ಟರಲ್ಲಿ ಅವನ ಕಣ್ಣು ಎಳೆಯತೊಡಗಿತು. ಹೆಂಡತಿ ಮುಖಕ್ಕೆ ನೀರು ಹಚ್ಚಿದಳು, ನಾನು ಅಂಗಾಲಿಗೆ ಕಚಗುಳಿ ಇಟ್ಟೆ. ಹಿಂದಿನ ಸೀಟಿನವರು ‘ಪಾಪ, ಕೂಸನ್ನು ಮಲಗಗೊಡಬಾರದೇನು’ ಎಂದು ಗದರಿದರು. ನವನಗರದ ಹೊತ್ತಿಗೆ ಮಲಗಿಯೇಬಿಟ್ಟ. ಧಾರವಾಡದಲ್ಲಿ ಎದ್ದವನು ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಲು ಬಿಡಲೇ ಇಲ್ಲ. ಮುಂದಿನ ವಾರ ವೈದ್ಯರೇ ನಿದ್ದೆಯ ಔಷಧಿ ಕೊಟ್ಟು ಮುಗಿಸಿದರು. ಕಿವಿ ಚೆನ್ನಾಗಿದೆ.

ಉಳಿದದ್ದಕ್ಕೆ ಏನು ಹೆಸರು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಮಾತಿನ ತರಬೇತಿ ಮಾತ್ರ ಅದಕ್ಕಾಗಿ ಕಾಯದೆ ಶುರುವಾಯಿತು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದಲೂ ಇದೆ, ಅದರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬಂದು ಮಕ್ಕಳ ಬೆಳವಣಿಗೆಯನ್ನೂ ಪುಕ್ಕಟೆಯಾಗಿ ನೋಡುತ್ತದೆ ಎಂಬುದು ಆಮೇಲೆ ತಿಳಿಯಿತು. ನಮ್ಮ ಓಣಿಯ ಅಂಗನವಾಡಿ ಟೀಚರಿಗೆ ವಾರ ವಾರವೂ ಸಕ್ಕರೆ ತೂಗಿ ಕೊಟ್ಟವನು ಒಂದು ಮಾತು ಕೇಳಿರಲಿಲ್ಲ.

ತರಬೇತಿಯವರು ಕೊಟ್ಟ ಮೊದಲ ಕೆಲಸ ಬಿಸ್ಕತ್ತಿನ ಬರಣಿಯದು. ಅದು ಅವನಿಗೆ ಕಾಣಬೇಕು, ಕೈಗೆ ಎಟಕಬಾರದು. ಕೈ ಹಿಡಿದು ಎಳೆದರೆ ಅವನ ಎದುರಿಗೆ ಕುಳಿತು, ಮನಸ್ಸಿನಲ್ಲೇ ಐದು ಎಣಿಸಿ, ‘ಕೊಡು’ ಎಂದು ನಾನೇ ಹೇಳಿ ಕೊಡಬೇಕು. ಗಿರಾಕಿಗಳ ನಡುವೆ ಐದು ಎಣಿಸುವುದೆಂದರೆ ಒಂದು ಯುಗ. ದಿನಾ ಹಾಲಿನ ಪಾಕೀಟಿಗೆ ಬರುವ ಅಜ್ಜಿ, ‘ಹೆತ್ತ ಮಗನಿಗೂ ಬಿಸ್ಕತ್ತಿನ ಲೆಕ್ಕವೇನು ತಮ್ಮಾ’ ಎಂದು ಬೈದಳು. ಅವಳಿಗೆ ಎಲ್ಲ ಹೇಳಿದೆ.

ಆರನೆಯ ವಾರದ ಒಂದು ಸಾಲು: ‘ಬರಣಿ ನೋಡಿದ. ಆಮೇಲೆ ನನ್ನನ್ನು ನೋಡಿದ.’

ಈಗ ಅಜ್ಜಿಯೇ ಬರಣಿಯ ಪಕ್ಕ ನಿಂತು ಬೆರಳು ಮಡಚುತ್ತ ಎಣಿಸುತ್ತಾಳೆ. ಮೂರಕ್ಕೆ ಬರುವಷ್ಟರಲ್ಲಿ ತಡೆಯಲಾರದೆ ಮುಚ್ಚಳ ತೆಗೆದುಬಿಡುತ್ತಾಳೆ.