‘ಯಾರು ನನ್ನ ಮುಟ್ಟಿದ್ದು?’

ಯೇಸುವಿನ ಶಿಷ್ಯೆ ಮಗ್ದಲದ ಮರಿಯಳೇ ಆತನ ಕತೆ ಹೇಳುತ್ತಾ ಹೋಗುವ ಇಂಗ್ಲಿಷ್ ಚಿತ್ರವೊಂದಕ್ಕೆ ಕನ್ನಡ ಮಾತು ಬರೆಯುವ ಕೆಲಸ ಬಂದಾಗ ಹದಿನೈದು ದಿನ ಸಾಕು ಅಂದಿದ್ದೆ. ಸಮಾರ್ಯದ ಹೆಂಗಸು, ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿದವಳು, ಯಾಯೀರನ ಮಗಳು, ಎಲ್ಲರ ಮಾತೂ ಕನ್ನಡ ಬೈಬಲಿನಲ್ಲಿ ಇದ್ದೇ ಇದೆ, ಎತ್ತಿಟ್ಟರಾಯಿತು ಅನ್ನೋದು ನನ್ನ ಲೆಕ್ಕ. ಎತ್ತಿಟ್ಟರೆ ಪರದೆಯ ಮೇಲಿನ ತುಟಿಗೆ ಕೂರುವುದಿಲ್ಲ ಅಂತ ಮೊದಲ ದಿನವೇ ಗೊತ್ತಾಯಿತು. ಎರಡೂವರೆ ತಿಂಗಳು ಹಿಡಿಯಿತು.

ಮೊದಲು ಜಗಳವಾದದ್ದು ಮರಿಯಳ ಬಗ್ಗೆಯೇ. ನನಗೆ ಕೊಟ್ಟ ಕಚ್ಚಾ ಅನುವಾದದಲ್ಲಿ ಆಕೆಯನ್ನು ‘ವೇಶ್ಯೆ’ ಅಂತ ಬರೆದಿತ್ತು. ಲೂಕನ ಸುವಾರ್ತೆಯ 8ನೇ ಅಧ್ಯಾಯ ಹೇಳುವುದು ಆಕೆಯಿಂದ ಏಳು ದೆವ್ವ ಬಿಟ್ಟುಹೋದವು ಅಂತ, ಅಷ್ಟೇ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಕಣ್ಣೀರಿನಿಂದ ಯೇಸುವಿನ ಪಾದ ತೊಳೆಯುವ ಪಾಪಿ ಹೆಂಗಸಿಗೆ ಹೆಸರೇ ಇಲ್ಲ. ಇಬ್ಬರನ್ನೂ ಗಂಟುಹಾಕಿದ್ದು 591ರಲ್ಲಿ ಪೋಪ್ ಗ್ರೆಗೊರಿ ಮಾಡಿದ ಒಂದು ಉಪದೇಶ. 1969ರಲ್ಲಿ ಕ್ಯಾಥೊಲಿಕರ ಪಂಚಾಂಗವೇ ಆ ಗಂಟು ಬಿಚ್ಚಿತು. ಕೆಲಸ ಕೊಟ್ಟವರು ‘ಜನಕ್ಕೆ ಹಾಗೇ ಗೊತ್ತಲ್ಲ ಸಾರ್’ ಅಂದರು. ಜನಕ್ಕೆ ಹಾಗೆ ಗೊತ್ತಾಗಿರುವುದಕ್ಕೇ ಆ ಪದ ತೆಗೆದೆ.

ಸಮಾರ್ಯದವಳದ್ದು ಬೇರೆ ತಲೆನೋವು. ಇಂಗ್ಲಿಷಿನ ‘ಯೂ’ಗೆ ಕನ್ನಡದಲ್ಲಿ ನೀನೋ ನೀವೋ? ಬಾವಿಯ ಹತ್ತಿರ ಯೇಸು ನೀರು ಕೇಳಿದಾಗ ಅವಳಿಗೆ ಆತ ಯಾರೋ ಯೆಹೂದಿ ಗಂಡಸು, ಕೊಂಕಾಗಿ ‘ನೀನು’ ಅನ್ನುತ್ತಾಳೆ. ಅವಳ ಐದು ಗಂಡಂದಿರ ವಿಷಯ ಆತ ಬಾಯಿಬಿಟ್ಟ ಮೇಲೆ ‘ನೀವು’. ಹೀಗೆ ನಡುವೆ ಹೊರಳಿಸಿದೆ. ದೇವರಿಗೆ ಹೆಂಗಸು ಏಕವಚನ ಹಾಕಬಾರದು ಅಂತ ಒಬ್ಬ ಹಿರಿಯರು ತಕರಾರು ತೆಗೆದರು. ಪ್ರಾರ್ಥನೆಯಲ್ಲಿ ಅವರೂ ಏಕವಚನದಲ್ಲೇ ಕೇಳಿಕೊಳ್ಳುತ್ತಾರೆ, ಇರಲಿ.

ನನ್ನನ್ನು ಹಿಡಿದು ಕೂರಿಸಿದ್ದು ರಕ್ತಸ್ರಾವದವಳ ಮೂರು ನಿಮಿಷದ ದೃಶ್ಯ. ಹಳೆಯ ಕನ್ನಡ ಬೈಬಲಿನಲ್ಲಿ ಅದು ‘ರಕ್ತಕುಸುಮರೋಗ’. ಓದಲು ಚಂದ, ಕೇಳಿದರೆ ಯಾರಿಗೂ ತಿಳಿಯದು. ‘ರಕ್ತಸ್ರಾವ’ ಅಂದರೆ ಆಸ್ಪತ್ರೆಯ ಚೀಟಿ. ಎರಡನ್ನೂ ಬರೆದು ಹೊಡೆದುಹಾಕಿದ್ದೆ. ಆ ಪಾತ್ರಕ್ಕೆ ದನಿ ಕೊಡಲು ಬಂದವರು ಗದಗಿನ ಕಡೆಯ ನಾಟಕದ ಹೆಂಗಸು. ದೃಶ್ಯವನ್ನು ಸದ್ದಿಲ್ಲದೆ ಒಮ್ಮೆ ನೋಡಿ ಕೇಳಿದರು: ‘ಹನ್ನೆರಡು ವರ್ಸ ಹೊರಗ ಕುಂತಾಕಿ ಅಲ್ಲೇನ್ರಿ ಇಕಿ?’

ಬೈಬಲಿನ ಯಾಜಕಕಾಂಡದ 15ನೇ ಅಧ್ಯಾಯ ಹೇಳುವುದೂ ಅದನ್ನೇ. ಸ್ರಾವ ಇರುವಷ್ಟು ದಿನವೂ ಅವಳು ಅಶುದ್ಧಳು, ಅವಳು ಕೂತ ಜಾಗ ಮುಟ್ಟಿದವರೂ ಸಂಜೆಯವರೆಗೆ ಅಶುದ್ಧರು. ಗುಣವಾಗಲೆಂದು ಅವಳು ಹಿಂದಿನಿಂದ ಬಂದು ಯೇಸುವಿನ ಬಟ್ಟೆಯ ಅಂಚನ್ನಷ್ಟೇ ಮುಟ್ಟುವುದು ಭಕ್ತಿಗೆ ಅಂದುಕೊಂಡಿದ್ದೆ. ಭಯವೂ ಇತ್ತು. ಕನ್ನಡದಲ್ಲಿ ಮುಟ್ಟು ಅಂದರೆ ಎರಡೂ ಹೌದಲ್ಲ! ಮರಿಯಳ ನಿರೂಪಣೆಗೆ ಅಲ್ಲೇ ಪೆನ್ಸಿಲಿನಲ್ಲಿ ಬರೆದೆ: ‘ಹನ್ನೆರಡು ವರ್ಷ ಮುಟ್ಟು ನಿಲ್ಲಲಿಲ್ಲ. ಹನ್ನೆರಡು ವರ್ಷ ಯಾರೂ ಮುಟ್ಟಲಿಲ್ಲ.’ ಆಮೇಲೆ ಯೇಸು ತಿರುಗಿ ಕೇಳುತ್ತಾನೆ: ‘ಯಾರು ನನ್ನ ಮುಟ್ಟಿದ್ದು?’ ಇಂಗ್ಲಿಷಿನ ‘ಮೀ’ಗೆ ತುಟಿ ಮುಚ್ಚುವ ಹೊತ್ತಿಗೆ ಸರಿಯಾಗಿ ನಮ್ಮ ‘ಮು’ ಬಂದು ಕೂತಿತು. ಅಂಥ ಅದೃಷ್ಟ ಇಡೀ ಚಿತ್ರದಲ್ಲಿ ಎರಡೋ ಮೂರೋ ಸಲ.

ಮುಂದಿನ ಸಾಲಿನಲ್ಲೇ ಅದೃಷ್ಟ ಕೈಕೊಟ್ಟಿತು. ಆತ ‘ಡಾಟರ್’ ಅನ್ನುತ್ತಾನೆ, ಕ್ಲೋಸಪ್ಪಿನಲ್ಲಿ, ಬಾಯಿ ತೆರೆದು. ‘ಮಗಳೇ’ ಅನ್ನಲು ತುಟಿ ಮುಚ್ಚಲೇಬೇಕು. ಪ, ಬ, ಮ ತಪ್ಪಿದರೆ ಕೊನೆಯ ಸಾಲಿನಲ್ಲಿ ಕೂತವನಿಗೂ ಕಾಣುತ್ತದೆ. ಧ್ವನಿಮುದ್ರಣದ ಹುಡುಗ ‘ತಾಯೀ ಅನ್ನಿಸಿ ಸಾರ್, ಪಕ್ಕಾ ಕೂರುತ್ತೆ’ ಅಂದ. ಕೂರುತ್ತಿತ್ತು, ನಿಜ. ತಾಯೀ ಅಂತ ನಮ್ಮಲ್ಲಿ ಯಾವ ಹೆಂಗಸನ್ನಾದರೂ ಕರೆಯುತ್ತೇವೆ. ಆದರೆ ನಾಲ್ಕು ಸುವಾರ್ತೆಗಳಲ್ಲಿ ಯೇಸು ಒಬ್ಬ ಹೆಂಗಸನ್ನು ನೇರವಾಗಿ ಮಗಳೇ ಅಂತ ಕರೆಯುವುದು ಇವಳೊಬ್ಬಳನ್ನೇ. ಅದೂ ಯಾಯೀರ ಸಾಯುತ್ತಿರುವ ತನ್ನ ಹನ್ನೆರಡು ವರ್ಷದ ಮಗಳನ್ನು ಆತ ಬಂದು ಉಳಿಸಲಿ ಅಂತ ಪಕ್ಕದಲ್ಲೇ ಕಾಯುತ್ತಾ ನಿಂತಿರುವಾಗ. ಹೊರಗೆ ಕೂತವಳನ್ನು ಒಳಗೆ ಕರೆದದ್ದೇ ಆ ಮಾತು. ಬಿಟ್ಟುಕೊಡಲು ಮನಸ್ಸಾಗಲಿಲ್ಲ.

ಅರ್ಧ ದಿನ ಕಳೆದ ಮೇಲೆ ಕಂಡದ್ದು, ಆ ಕ್ಲೋಸಪ್ಪಿಗೆ ಮುಂಚಿನ ಶಾಟಿನಲ್ಲಿ ಅವಳು ತಲೆ ಬಗ್ಗಿಸಿ ಕೂತಿದ್ದಾಳೆ, ಆತನ ಮುಖ ಕಾಣುವುದಿಲ್ಲ. ಮಾತನ್ನು ಎಂಟು ಫ್ರೇಮು ಹಿಂದಕ್ಕೆ ಎಳೆಸಿದೆ, ಅಂದರೆ ಸೆಕೆಂಡಿನ ಮೂರನೇ ಒಂದು ಭಾಗ. ‘ಮ’ ಅವಳ ಬಗ್ಗಿದ ತಲೆಯ ಮೇಲೆ ಬಿತ್ತು, ‘ಗಳೇ’ ಆತನ ತೆರೆದ ಬಾಯಿಗೆ. ‘ನಿನ್ನ ನಂಬಿಕೆಯೇ ನಿನ್ನನ್ನು ಗುಣಪಡಿಸಿತು’ ಅನ್ನುವುದು ತಾನಾಗಿಯೇ ಹಿಂದೆ ಬಂತು. ‘ಫೇತ್’ಗೆ ಕೆಳತುಟಿ ಹಲ್ಲಿಗೆ ತಾಗುವಲ್ಲಿ ‘ಂಬಿ’ ಸುಮಾರಾಗಿ ಹೊಂದಿತು.

ಗಾಜಿನ ಆಚೆ ಆ ಗದಗಿನ ಹೆಂಗಸು ಹೆಡ್‌ಫೋನು ತೆಗೆದಿಟ್ಟು ಕೂತಿದ್ದರು. ಅವಳ ಪಾತ್ರಕ್ಕೆ ಅಲ್ಲಿಂದ ಮುಂದೆ ಮಾತಿಲ್ಲ, ಒಂದು ಉಸಿರು ಮಾತ್ರ. ಅದನ್ನು ಏಳು ಸಲ ಕೊಟ್ಟರು. ನಾವು ಇಟ್ಟುಕೊಂಡದ್ದು ಮೊದಲನೆಯದನ್ನು.